ನಿಮ್ಮದು ಯಾವೂರು?

ಕೇಪ್ ಕೋಸ್ಟ್ ಕೋಟೆಯ ಟಿಕೆಟ್ ಕೌಂಟರ್ ಮುಂದೆ ಮೂರು ಜನ ನಿಂತಿದ್ವಿ. ಆಕ್ರಾದಿಂದ ನಮ್ಮನ್ನ ಕರ್ಕೊಂಡು ಬಂದಿದ್ದ ಡ್ರೈವರ್, ಅಟ್ಲಾಂಟಾದಿಂದ ಬಂದಿದ್ದ ನನ್ನ ಸಹೋದ್ಯೋಗಿ, ಮತ್ತು ನಾನು. ಒಂದು ಬ್ಯಾಂಕಿನ ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಘಾನಾಕ್ಕೆ ಹೋಗಿದ್ದೆವು, ಬಿಡುವು ಸಿಕ್ಕಿದ್ದು ಒಂದೇ ಒಂದು ಭಾನುವಾರ. ಅಲ್ಲಿ ಎರಡು ದರ. ಘಾನಾದವರಿಗೆ ಕಡಿಮೆ, ಹೊರಗಿನವರಿಗೆ ಜಾಸ್ತಿ. ಡ್ರೈವರ್ ಚಿಲ್ಲರೆ ಕೊಟ್ಟು ಒಳಗೆ ಹೋದ. ನನ್ನ ಸಹೋದ್ಯೋಗಿ ಕಪ್ಪು ಅಮೆರಿಕನ್. ಅವನ ಹಿರೀಕರು ಇಂಥದ್ದೇ ಯಾವುದೋ ಕರಾವಳಿಯಿಂದ ಸಂಕೋಲೆ ಹಾಕಿಸ್ಕೊಂಡು ಹಡಗು ಹತ್ತಿದವರು. ಅವನೂ ನನ್ನ ಹಾಗೇ ಹೊರಗಿನವರ ದರ ಕೊಟ್ಟ. "ಹೋಗುವಾಗ ಫ್ರೀ ಇತ್ತು, ವಾಪಸ್ ಬರೋದಕ್ಕೆ ಮಾತ್ರ ಟಿಕೆಟ್" ಅಂದು ನಕ್ಕ. ನಗಬೇಕೋ ಬೇಡವೋ ಗೊತ್ತಾಗದೆ ನಾನು ಪರ್ಸ್ ಒಳಗೆ ಏನೋ ಹುಡುಕೋ ಥರ ಮಾಡಿದೆ.

ಹೊರಗೆ ಬಂದಾಗ ಮಕ್ಕಳು "ಒಬ್ರುನಿ! ಒಬ್ರುನಿ!" ಅಂತ ಕೂಗಿದವು. ಒಬ್ರುನಿ ಅಂದ್ರೆ ಹೊರಗಿನವ, ಪರದೇಶಿ. ಸಾಮಾನ್ಯವಾಗಿ ಬಿಳಿಯರಿಗೆ ಹೇಳುವ ಮಾತು. ನಾವಿಬ್ಬರೂ ತಿರುಗಿ ನೋಡಿದೆವು. "ನಮ್ಮಿಬ್ಬರಲ್ಲಿ ಯಾರಿಗೆ?" ಅಂತ ಅವನು ಕೇಳಿದ. ಡ್ರೈವರ್ ತುಂಬ ಸಹಜವಾಗಿ, "ಇಬ್ಬರಿಗೂ" ಅಂದ. ಆಕ್ರಾ ತಲುಪುವ ತನಕ ಸಹೋದ್ಯೋಗಿ ಹೆಚ್ಚು ಮಾತಾಡಲಿಲ್ಲ. ಹೋಟೆಲ್ ಹತ್ತಿರ ಬಂದಾಗ ಒಂದು ಪುಸ್ತಕದ ಹೆಸರು ಹೇಳಿದ: ಸೈದಿಯಾ ಹಾರ್ಟ್‌ಮನ್ ಬರೆದ 'ಲೂಸ್ ಯುವರ್ ಮದರ್'. ಅದು ಶುರುವಾಗೋದೇ ಈ ಒಂದು ಪದದಿಂದ ಅಂದ.

ನಿಜ. 2007ರಲ್ಲಿ ಬಂದ ಈ ಪುಸ್ತಕದಲ್ಲಿ ಹಾರ್ಟ್‌ಮನ್ ಎಲ್ಮಿನಾದಲ್ಲಿ ಬಸ್ಸಿಳಿದಾಗ ಮೊದಲು ಕಿವಿಗೆ ಬೀಳೋದು ಒಬ್ರುನಿ ಅನ್ನೋ ಕೂಗು. ಅಲ್ಲಿಂದ ಕೊನೇ ಪುಟದವರೆಗೆ ಆ ಪದದ ಜೊತೆ ಅವರ ಜಗಳ ನಡೆಯುತ್ತೆ. ಆಫ್ರಿಕಾಕ್ಕೆ ಹೋದ ಕಪ್ಪು ಅಮೆರಿಕನ್ನರ ಪುಸ್ತಕಗಳನ್ನ ಸಾಮಾನ್ಯವಾಗಿ 'ಬೇರಿಗೆ ಮರಳಿದ ಕಥೆ' ಅಂತ ಮಾರುತ್ತಾರೆ. ಆದರೆ ಅವುಗಳಲ್ಲಿ ಒಳ್ಳೆಯವು ಯಾವುವೂ ಮನೆ ತಲುಪಿದ ಕಥೆಗಳಲ್ಲ. ಬಾಗಿಲು ತಟ್ಟಿದ ಕಥೆಗಳು. ಒಳಗಿಂದ "ಯಾರು?" ಅಂತ ಕೇಳಿದಾಗ ಹೇಳೋಕೆ ಉತ್ತರ ಇಲ್ಲದವರ ಕಥೆಗಳು.

ಈ ಸಾಲಿನಲ್ಲಿ ಮೊದಲು ಹೋದವರಲ್ಲಿ ಒಬ್ಬರು ರಿಚರ್ಡ್ ರೈಟ್. 1953ರಲ್ಲಿ, ಘಾನಾ ಇನ್ನೂ ಬ್ರಿಟಿಷರ ಗೋಲ್ಡ್ ಕೋಸ್ಟ್ ಆಗಿದ್ದಾಗ ಹೋದರು. ಮರುವರ್ಷ 'ಬ್ಲ್ಯಾಕ್ ಪವರ್' ಬಂತು. ರೈಟ್ ತುಂಬ ಪ್ರಾಮಾಣಿಕ, ಅಷ್ಟೇ ಅಸಹನೆಯ ಮನುಷ್ಯ. ತಾನು ಕಪ್ಪು ಅಂದಮಾತ್ರಕ್ಕೆ ಇಲ್ಲಿನ ನೃತ್ಯ, ಶವಸಂಸ್ಕಾರ, ನಗು ಯಾವುದೂ ತನಗೆ ಅರ್ಥ ಆಗ್ತಿಲ್ಲ ಅಂತ ಮುಚ್ಚುಮರೆ ಇಲ್ಲದೆ ಬರೀತಾರೆ. ನಿಮ್ಮವರು ಆಫ್ರಿಕಾದ ಯಾವ ಭಾಗದವರು ಅಂತ ಒಬ್ಬರು ಕೇಳಿದಾಗ, ಮಾರಿದ ನೀವೂ ಕೊಂಡ ಬಿಳಿಯರೂ ಲೆಕ್ಕ ಇಟ್ಟಿಲ್ಲವಲ್ಲ ಅನ್ನೋ ಅರ್ಥದ ಉತ್ತರ ಕೊಡ್ತಾರೆ. ಪುಸ್ತಕದ ಅತ್ಯಂತ ಜೀವಂತ ಗಳಿಗೆ ಅದು. ಆದರೆ ತನಗೆ ಅರ್ಥ ಆಗದ್ದನ್ನೆಲ್ಲ ಹಿಂದುಳಿದದ್ದು ಅಂತ ಕರೆದು, ಕೊನೆಗೆ ಆಫ್ರಿಕಾದ ಬದುಕನ್ನೇ ಮಿಲಿಟರಿ ಶಿಸ್ತಿಗೆ ತನ್ನಿ ಅಂತ ಎನ್‌ಕ್ರುಮಾಗೆ ಪತ್ರ ಬರೆಯುವ ರೈಟ್‌ರನ್ನ ಓದುವಾಗ ಸುಸ್ತಾಗುತ್ತೆ.

ಮಾಯಾ ಏಂಜೆಲೋ ಬೇರೆ ಥರ. 60ರ ದಶಕದ ಶುರುವಿನಲ್ಲಿ, ಮಗನನ್ನ ವಿಶ್ವವಿದ್ಯಾಲಯಕ್ಕೆ ಸೇರಿಸೋಕೆ ಅಂತ ಆಕ್ರಾಕ್ಕೆ ಬಂದವರು, ಮಗನಿಗೆ ಅಪಘಾತವಾಗಿ ಅಲ್ಲೇ ಉಳಿದರು. ಸ್ವತಂತ್ರ ಘಾನಾ ಆಗ ಕಪ್ಪು ಜಗತ್ತಿನ ರಾಜಧಾನಿಯಂತಿತ್ತು. ಡಬ್ಲ್ಯೂ.ಇ.ಬಿ. ಡು ಬೋಯಿಸ್ ಅಲ್ಲೇ ನೆಲೆಸಿ 1963ರಲ್ಲಿ ಅಲ್ಲೇ ತೀರಿಕೊಂಡರು. 1964ರಲ್ಲಿ ಮಾಲ್ಕಂ ಎಕ್ಸ್ ಬಂದುಹೋದರು. ಏಂಜೆಲೋ ಪುಸ್ತಕದಲ್ಲಿ ('ಆಲ್ ಗಾಡ್ಸ್ ಚಿಲ್ಡ್ರನ್ ನೀಡ್ ಟ್ರಾವೆಲಿಂಗ್ ಶೂಸ್', 1986) ಇವರೆಲ್ಲ ಇದ್ದಾರೆ. ಆದರೆ ನನಗೆ ಉಳಿದದ್ದು ಬಾಡಿಗೆ ಮನೆ, ಆಫೀಸಿನ ಕೆಲಸ, ಮನೆಗೆಲಸಕ್ಕೆ ಬಂದ ಹುಡುಗನ ಓದು. ಊರು ಅಂದ್ರೆ ದಿನನಿತ್ಯ ಅಂತ ಅವರಿಗೆ ಗೊತ್ತು. ಒಂದು ಕಡೆ ಅವರು ಕೇಪ್ ಕೋಸ್ಟ್ ಕೋಟೆ ಹತ್ತಿರ ಕಾರು ನಿಲ್ಲಿಸೋಕಾಗದೆ ಮುಂದೆ ಹೋಗ್ತಾರೆ. ರಾತ್ರಿ ಡುಂಕ್ವಾ ಅನ್ನೋ ಊರಲ್ಲಿ ತಂಗಿದಾಗ ಜನ ಅವರನ್ನ ಲೈಬೀರಿಯಾದ ಹೆಂಗಸು ಅಂದ್ಕೊಳ್ತಾರೆ. ಅವರು ತಿದ್ದೋಕೆ ಹೋಗಲ್ಲ. ಒಂದು ರಾತ್ರಿ ಮಟ್ಟಿಗಾದರೂ ಯಾರದೋ ಸೊಂಟದ ಮಗು ಆಗುವ ಆಸೆ.

ಕೊನೆಯಲ್ಲಿ ಕೇಟಾ ಅನ್ನೋ ಊರಿನ ಸಂತೆಯಲ್ಲಿ ಹೆಂಗಸರು ಏಂಜೆಲೋ ಮುಖ ನೋಡಿ ಗೋಳಾಡ್ತಾರೆ. ಹಿಂದೆ ಗುಲಾಮರ ವ್ಯಾಪಾರಿಗಳು ಹಿಡಿದೊಯ್ದ ತಮ್ಮವರ ಸಂತತಿ ಇವಳು ಅಂತ. ಮೊದಲ ಸಲ ಓದಿದಾಗ ಕಣ್ಣು ತುಂಬಿ ಬಂತು. ಎರಡನೇ ಸಲ ಅನುಮಾನ ಬಂತು. ಮುಖದ ಹೋಲಿಕೆ ಪುರಾವೆ ಅಲ್ಲವಲ್ಲ. ಇಡೀ ಪುಸ್ತಕ ಇಲ್ಲ ಅಂತ ತೋರಿಸಿದ ಉತ್ತರವನ್ನ ಕೊನೇ ಅಧ್ಯಾಯ ಕೈಗಿಟ್ಟು ಕಳಿಸುತ್ತೆ. ಆದರೂ ಅದನ್ನ ಸುಳ್ಳು ಅನ್ನೋ ಧೈರ್ಯ ನನಗಿಲ್ಲ.

ಹಾರ್ಟ್‌ಮನ್ ಆ ಸಮಾಧಾನವನ್ನೇ ಬೇಡ ಅಂತಾರೆ. 'ಆಫ್ರಿಕನ್ನರು ತಮ್ಮ ಅಣ್ಣತಮ್ಮಂದಿರನ್ನೇ ಮಾರಿದರು' ಅನ್ನೋ ಮಾತಿದೆಯಲ್ಲ, ಅದು ಇತಿಹಾಸವೇ ಅಲ್ಲ ಅನ್ನೋದು ಅವರ ವಾದ. ಮಾರಿದ್ದು ಅಣ್ಣತಮ್ಮಂದಿರನ್ನಲ್ಲ, ಹೊರಗಿನವರನ್ನ: ಯುದ್ಧದಲ್ಲಿ ಸೋತವರು, ಬೇರೆ ಊರಿಂದ ಎಳೆದು ತಂದವರು, ಕೇಳೋ ನೆಂಟರಿಲ್ಲದವರು. 'ಆಫ್ರಿಕನ್' ಅನ್ನೋ ಒಂದೇ ಗುರುತು ಆಗ ಇರಲಿಲ್ಲ. ಹಾಗಾದರೆ ಒಬ್ರುನಿ ಅನ್ನೋ ಕೂಗು ಮಕ್ಕಳ ತಪ್ಪಲ್ಲ. ಪರಕೀಯ ಅನ್ನೋದೇ ಗುಲಾಮನ ಮೊದಲ ಹೆಸರು. ಪುಸ್ತಕದ ಶೀರ್ಷಿಕೆಯ ಅರ್ಥವೂ ಅದೇ: ಗುಲಾಮ ಆಗೋದು ಅಂದ್ರೆ ತಾಯಿಯನ್ನ ಕಳಕೊಳ್ಳೋದು. ಉತ್ತರದ ಹೌಸಾ ಜನ ಒಂದು ಗಿಡವನ್ನ 'ತಾಯಿಯನ್ನು ಮರೆ' ಅನ್ನೋ ಅರ್ಥದ ಹೆಸರಿಂದ ಕರೀತಾರೆ, ಸೆರೆಯಾಳುಗಳು ಊರು ಮರೆಯಲಿ ಅಂತ ಅದನ್ನ ಬಳಸ್ತಿದ್ದರಂತೆ ಅಂತ ಅವರು ಹೇಳೋ ಕಡೆ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಕೂತೆ.

ಒಂದು ತಕರಾರೂ ಇದೆ. ಹಾರ್ಟ್‌ಮನ್‌ಗೆ ಸಿಗೋ ಘಾನಾದವರು ಹೆಚ್ಚಾಗಿ ಅವರ ದುಃಖಕ್ಕೆ ಉತ್ತರ ಕೊಡದ ಜನರಾಗೇ ಉಳೀತಾರೆ. ಎಲ್ಮಿನಾದ ಹುಡುಗರು ಪ್ರವಾಸಿಗರ ಕೈಗೆ ಪತ್ರ ತುರುಕಿ, ಪೆನ್ನು ದುಡ್ಡು ಕೇಳ್ತಾರೆ. ಆ ಹುಡುಗರ ಮನೆ ಹೇಗಿದೆ, ಅವರು ಶಾಲೆ ಬಿಟ್ಟು ಕೋಟೆ ಮುಂದೆ ಯಾಕೆ ನಿಂತಿದ್ದಾರೆ ಅನ್ನೋದರ ಕಡೆಗೆ ಪುಸ್ತಕದ ಗಮನ ಏಂಜೆಲೋದಲ್ಲಿ ಇರುವಷ್ಟು ಇಲ್ಲ. ಘಾನಾದ ಬಡತನವೂ ಆ ಹಡಗುಗಳ ಬಾಲವೇ ಅಂತ ಹಾರ್ಟ್‌ಮನ್‌ಗೆ ಗೊತ್ತು. ಆದರೆ ಗೊತ್ತಿರೋದು ಬೇರೆ, ಎದುರಿನವರ ಮನೇಲಿ ಕೂತು ಊಟ ಮಾಡೋದು ಬೇರೆ.

ಆದರೂ ಈ ಪುಸ್ತಕ ನನ್ನನ್ನ ಬಿಡದೇ ಇರೋದಕ್ಕೆ ಕಾರಣ ಒಂದು ನಿಯಮ. ಅಕಾನ್ ಜನರಲ್ಲಿ ಒಬ್ಬರ ಮೂಲವನ್ನ ಇನ್ನೊಬ್ಬರು ಬಯಲು ಮಾಡಬಾರದು ಅಂತ ಹಳೇ ಕಟ್ಟಳೆ ಇದೆ. ಯಾಕೆ? ಗುಲಾಮರಾಗಿ ಬಂದು ಮನೆಯೊಳಗೆ ಸೇರಿಹೋದವರ ಮಕ್ಕಳು ಮೊಮ್ಮಕ್ಕಳು ಈಗಲೂ ಅದೇ ಬೀದಿಯಲ್ಲಿದ್ದಾರೆ. ಕೆದಕಿದರೆ ಯಾರು ಒಡೆಯನ ಕಡೆ, ಯಾರು ಆಳಿನ ಕಡೆ ಅಂತ ಹೊರಬೀಳುತ್ತೆ. ನಾವೂ ಅಂತೀವಲ್ಲ, ಋಷಿಮೂಲ ನದೀಮೂಲ ಹುಡುಕಬಾರದು ಅಂತ. ನಾವು ಅದನ್ನ ದೊಡ್ಡವರ ಮರ್ಯಾದೆಗೆ ಬಳಸ್ತೀವಿ. ಅಲ್ಲಿ ಸಣ್ಣವರ ರಕ್ಷಣೆಗೂ ಬಳಸ್ತಾರೆ. ಈಗ ಯೋಚಿಸಿ: 'ನಾನು ಎಲ್ಲಿಯವಳು' ಅನ್ನೋ ಒಂದೇ ಪ್ರಶ್ನೆ ಹಿಡ್ಕೊಂಡು ಸಮುದ್ರ ದಾಟಿ ಬಂದವಳು, ಆ ಪ್ರಶ್ನೆಯನ್ನ ಕೇಳಲೇಬಾರದು ಅನ್ನೋ ಊರಲ್ಲಿ ಇಳೀತಾಳೆ. ಹಾರ್ಟ್‌ಮನ್ ಆ ಮೌನವನ್ನ ತಪ್ಪಿಸಿಕೊಳ್ಳುವ ಉಪಾಯ ಅಂತಲೇ ಹೆಚ್ಚು ಓದ್ತಾರೆ. ಅವರ ಜಾಗದಲ್ಲಿ ನಿಂತರೆ ಅದು ನ್ಯಾಯವೇ. ಆ ಮೌನ ಒಡೆಯನನ್ನೂ ಕಾಪಾಡುತ್ತೆ.

ನಾನು ಮಾತ್ರ ಇನ್ನೊಂದು ಕಡೆ ನಿಂತವನು. ಬೆಂಗಳೂರಿಗೆ ಬಂದ ಹೊಸತರಲ್ಲಿ ಮನೆ ಹುಡುಕ್ತಿದ್ದಾಗ ಓನರ್‌ಗಳು ಮೊದಲು ಕೇಳ್ತಿದ್ದದ್ದು "ನಿಮ್ಮದು ಯಾವೂರು?" ಆಮೇಲೆ "ಅಲ್ಲಿ ಯಾರ ಪೈಕಿ?" ಆಮೇಲೆ "ನಾನ್‌ವೆಜ್ ತಿಂತೀರಾ?" ಮೂರೂ ಒಂದೇ ಪ್ರಶ್ನೆ ಅಂತ ನಿಮಗೂ ಗೊತ್ತು. ನಮ್ಮಪ್ಪ ಹೇಳಿಕೊಟ್ಟಿದ್ದು ಇಷ್ಟೇ: ಜಿಲ್ಲೆ ಹೆಸರು ಹೇಳು, ಅಲ್ಲಿಗೆ ನಿಲ್ಲಿಸು. ಹಳ್ಳಿ ಹೇಳಿದರೆ ಕೇರಿ ಕೇಳ್ತಾರೆ. ಈ ಪ್ರಶ್ನೆ ಯಾರೂ ಕೇಳದ ಜಾಗವೇ ನನ್ನ ಪಾಲಿಗೆ ಸ್ವಾತಂತ್ರ್ಯ. ಅದಕ್ಕೇ ಆ ಅಕಾನ್ ಕಟ್ಟಳೆ ಓದಿದಾಗ ಎಷ್ಟು ಒಳ್ಳೇ ಜನ ಅನ್ನಿಸ್ತು. ಮುಂದಿನ ಪುಟಗಳಲ್ಲಿ ಹಾರ್ಟ್‌ಮನ್ ದುಃಖ ಓದಿದಾಗ ನಾಚಿಕೆ ಆಯ್ತು. ನನಗೆ ನನ್ನ ಹಳ್ಳಿ ಗೊತ್ತು, ಮುತ್ತಜ್ಜಿ ಹೆಸರು ಗೊತ್ತು. ಗೊತ್ತಿರೋದರಿಂದಲೇ ಮುಚ್ಚಿಡೋಕೆ ಆಗ್ತಿದೆ.

ಪುಸ್ತಕ ಮುಗಿಯೋದು ಘಾನಾದ ಉತ್ತರದ ತುದಿಯ ಗ್ವೋಲುವಿನಲ್ಲಿ. ಗುಲಾಮರನ್ನ ಹಿಡಿಯೋಕೆ ಬರ್ತಿದ್ದವರಿಂದ ಉಳಿಯೋಕೆ ಜನ ಸುತ್ತ ಗೋಡೆ ಕಟ್ಟಿಕೊಂಡ ಊರು. ಅಲ್ಲಿ ನೆನಪಿರೋದು ತಪ್ಪಿಸಿಕೊಂಡವರ ಕಥೆ. ತನ್ನದು ತಪ್ಪಿಸಿಕೊಳ್ಳದವರ ಕಥೆ ಅಂತ ಹಾರ್ಟ್‌ಮನ್‌ಗೆ ಹೊಳೆಯುತ್ತೆ. ಅಷ್ಟರಲ್ಲಿ ಹೆಣ್ಣುಮಕ್ಕಳು ಆಡ್ತಾ ಹಾಡೋ ಹಾಡು ಒಯ್ಯಲ್ಪಟ್ಟವರ ಬಗ್ಗೆ ಅಂತ ಯಾರೋ ಹೇಳ್ತಾರೆ. ಇದೂ ಸಮಾಧಾನವೇ, ಆದರೆ ಕೇಟಾದಷ್ಟು ದೊಡ್ಡದಲ್ಲ. ನೀನು ನಮ್ಮವಳು ಅಂತ ಅಲ್ಲಿ ಯಾರೂ ಹೇಳಲ್ಲ. ಹೋದವರನ್ನ ಪೂರ್ತಿ ಮರೆತಿಲ್ಲ ಅಂತ ಮಾತ್ರ ಗೊತ್ತಾಗುತ್ತೆ. ಮೂರರಲ್ಲಿ ನಾನು ಮತ್ತೆ ಓದೋದು ಈ ಪುಸ್ತಕವನ್ನೇ. ಆಕ್ರಾದಲ್ಲಿ ಬದುಕೋದು ಹೇಗೆ ಅಂತ ತಿಳೀಬೇಕಿದ್ದರೆ ಏಂಜೆಲೋ ಓದಿ.

ಘಾನಾ 2019ನ್ನು 'ಮರಳುವ ವರ್ಷ' ಅಂತ ಆಚರಿಸಿ, ಆ ನವೆಂಬರ್‌ನಲ್ಲಿ ಹೊರಗಿನಿಂದ ಬಂದ 126 ಕಪ್ಪು ಜನರಿಗೆ ಪೌರತ್ವ ಕೊಟ್ಟಿತು. ಅವರು ಕೋಟೆಯ ಕೌಂಟರ್‌ನಲ್ಲಿ ಈಗ ಕಡಿಮೆ ದರ ಕೊಡ್ತಾರೆ ಅಂದ್ಕೊಳ್ತೀನಿ. ಮಕ್ಕಳು ಏನಂತ ಕೂಗ್ತಾರೋ, ಅದು ಪಾಸ್‌ಪೋರ್ಟ್ ನೋಡಿ ಕೂಗೋದಲ್ಲ.

ಮೊನ್ನೆ ಸಹೋದ್ಯೋಗಿ ಮೆಸೇಜ್ ಮಾಡಿದ್ದ. ಡಿಎನ್‌ಎ ಟೆಸ್ಟ್ ಮಾಡಿಸಿದನಂತೆ, ಸ್ಕ್ರೀನ್‌ಶಾಟ್ ಕಳಿಸಿದ್ದ: ಪಶ್ಚಿಮ ಆಫ್ರಿಕಾದ ನಾಲ್ಕೈದು ದೇಶಗಳ ಹೆಸರು, ಪಕ್ಕದಲ್ಲಿ ಶೇಕಡಾವಾರು. ಅಭ್ಯಾಸ ಬಲ ನೋಡಿ, ನನ್ನ ಬೆರಳು ತಾನಾಗೇ "ಅದರಲ್ಲಿ ಯಾವೂರು?" ಅಂತ ಟೈಪ್ ಮಾಡಿತ್ತು. ಅಳಿಸಿದೆ. ಮನೇಲಿ ಎಲ್ಲ ಹೇಗಿದ್ದಾರೆ ಅಂತ ಕೇಳಿದೆ.