ಹಗುರ ಹಾಡುಗಳ ತೂಕ

ಹಳೆಯ ಹಾಡುಗಳ ಮಾತು ಬಂದರೆ ನಮ್ಮ ಹಿರಿಯರಿಗೆ ವಯಸ್ಸು ಮರೆತುಹೋಗುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ, ಎಲ್ಲಿ ಕೇಳಿದರೂ ರಫಿ, ಮುಕೇಶ್, ತಲತ್ ಮಹಮೂದ್, ಪಿ.ಬಿ. ಶ್ರೀನಿವಾಸ್ ಎಂಬ ಹೆಸರುಗಳು ಸಾಲಾಗಿ ಬರುತ್ತವೆ. ಮೆಚ್ಚಿನ ಹಾಡುಗಳೆಂದು ಅವರು ಎಣಿಸುವುದು ಹೆಚ್ಚಾಗಿ ವಿರಹದ, ವಿಷಾದದ ಹಾಡುಗಳನ್ನೇ. ಆದರೆ ಅದೇ ರೇಡಿಯೋದಲ್ಲಿ, ಅದೇ ಗ್ರಾಮಫೋನ್ ಪ್ಲೇಟುಗಳಲ್ಲಿ ಇನ್ನೊಂದು ಬಗೆಯ ಹಾಡುಗಳೂ ಇದ್ದವು. ಕುಡುಕನ ಹಾಡು, ತಲೆಗೆ ಎಣ್ಣೆ ತಿಕ್ಕುವವನ ಹಾಡು, ಪಟ್ಟಣಕ್ಕೆ ಬಂದು ಕಕ್ಕಾಬಿಕ್ಕಿಯಾದವನ ಹಾಡು, ಇಂಗ್ಲಿಷ್ ಮಟ್ಟಿಗೆ ಕನ್ನಡ ಮಾತು ಕೂಡಿಸಿದ ಅಣಕದ ಹಾಡು. ಅವನ್ನು ಕೇಳಿ ಎಲ್ಲರೂ ನಕ್ಕಿದ್ದಾರೆ, ಗುನುಗಿದ್ದಾರೆ. ಮೆಚ್ಚಿನ ಹಾಡುಗಳನ್ನು ಎಣಿಸುವಾಗ ಮಾತ್ರ ಅವನ್ನು ಹೊರಗೆ ನಿಲ್ಲಿಸುತ್ತಾರೆ. ‘ಅದೆಲ್ಲ ಬರೀ ತಮಾಷೆಗೆ’ ಎಂಬ ಒಂದೇ ಮಾತಿನಲ್ಲಿ ಅವುಗಳ ವಿಮರ್ಶೆ ಮುಗಿದುಹೋಗುತ್ತದೆ.

ಇದು ಸರಿಯಲ್ಲ. ನಮ್ಮ ಕರಾವಳಿಯ ಬದುಕಿನ ಬಹುದೊಡ್ಡ ಸಂಗತಿಯೆಂದರೆ ಊರು ಬಿಟ್ಟು ದುಡಿಯಲು ಹೋಗುವುದು. ಮೊದಲು ಮುಂಬಯಿಗೆ, ಆಮೇಲೆ ಗಲ್ಫಿಗೆ. ಆ ಸಂಗತಿಯನ್ನು ಗಂಭೀರ ಹಾಡುಗಳಿಗಿಂತ ಈ ಹಗುರ ಹಾಡುಗಳೇ ಹೆಚ್ಚು ನೇರವಾಗಿ ಹೇಳಿವೆ. ಹಾಗಾಗಿ ಅವುಗಳನ್ನು ಮತ್ತೊಮ್ಮೆ ಗಮನವಿಟ್ಟು ಕೇಳುವ ಅಗತ್ಯವಿದೆ.

ತಿಪ್ಪಾರಳ್ಳಿಯ ದಾರಿ

1912ರಲ್ಲಿ ಇಂಗ್ಲೆಂಡಿನಲ್ಲಿ ‘ಟಿಪ್ಪೆರರಿ’ ಎಂಬ ಹಾಸ್ಯದ ಹಾಡು ಹುಟ್ಟಿತು. ಲಂಡನ್ನಿಗೆ ಬಂದ ಐರಿಷ್ ಹಳ್ಳಿಗನೊಬ್ಬ ತನ್ನ ಊರನ್ನು ನೆನೆದು ಹಂಬಲಿಸುವುದೇ ಅದರ ವಸ್ತು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಬಾಯಿಗೆ ಬಿದ್ದು ಆ ಹಾಡು ಲೋಕವನ್ನೆಲ್ಲ ಸುತ್ತಿತು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಟಿ.ಪಿ. ಕೈಲಾಸಂ (1884–1946) ಅದೇ ಮಟ್ಟಿಗೆ ಕನ್ನಡದ ‘ತಿಪ್ಪಾರಳ್ಳಿ’ಯನ್ನು ಕಟ್ಟಿದರು. ‘ಕಾನ್‌ಸ್ಟಾಂಟಿನೋಪಲ್’ ಎಂಬ ಇನ್ನೊಂದು ಇಂಗ್ಲಿಷ್ ತಮಾಷೆ ಹಾಡಿನ ಮಟ್ಟು ಅವರ ‘ಕೋಳೀಕೆ ರಂಗ’ನಿಗೆ ಒದಗಿತು. ಇಂಗ್ಲಿಷ್ ಹಾಡು ಊರಿನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಒಪ್ಪಿಸಿದರೆ, ಕೈಲಾಸಂ ತಮ್ಮ ರಂಗನ ಬಾಯಲ್ಲಿ ನಮ್ಮ ಕಾಗುಣಿತವನ್ನೇ ಹೇಳಿಸುತ್ತಾರೆ.

ಮಟ್ಟು ಎರವಲು ಎಂದು ಮೂಗು ಮುರಿಯುವವರು ಇಲ್ಲೊಂದು ವಿಷಯ ಗಮನಿಸಬೇಕು. ಕೈಲಾಸಂ ತಂದದ್ದು ಬರೀ ಮಟ್ಟನ್ನಲ್ಲ, ಆ ಮಟ್ಟಿನೊಳಗಿದ್ದ ಮನುಷ್ಯನನ್ನೂ ತಂದರು. ದೊಡ್ಡ ಪಟ್ಟಣದಲ್ಲಿ ಸಣ್ಣವನಾದ ಹಳ್ಳಿಗ ಐರ್ಲೆಂಡಿನಲ್ಲೂ ಇದ್ದ, ಮೈಸೂರು ಸೀಮೆಯಲ್ಲೂ ಇದ್ದ. ತನ್ನ ಊರಿನ ಹೆಸರನ್ನು ಜೋರಾಗಿ ಹೇಳಿಕೊಳ್ಳುವುದೇ ಅವನಿಗೆ ಉಳಿದ ಮರ್ಯಾದೆ. ನಗು ಬರುವುದು ಅಲ್ಲಿಂದಲೇ, ಸಂಕಟವಾಗುವುದೂ ಅಲ್ಲಿಂದಲೇ.

ಮುಂಬಯಿಯ ಅಣಕ

ನಮ್ಮ ಜಿಲ್ಲೆಯ ಮನುಷ್ಯ ಹೋದದ್ದು ಮೈಸೂರಿಗಲ್ಲ, ಮುಂಬಯಿಗೆ. ಅದಕ್ಕೆ ಇತಿಹಾಸದ ಕಾರಣವಿದೆ. 1862ರಿಂದ 1956ರವರೆಗೆ ಉತ್ತರ ಕನ್ನಡ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟದ ಮೇಲಿನ ಹತ್ತಿ ಕುಮಟಾ ಬಂದರಿಗೆ ಇಳಿದು ಅಲ್ಲಿಂದ ಮುಂಬಯಿಗೆ ಸಾಗುತ್ತಿತ್ತು. ಹತ್ತಿ ಹೋದ ದಾರಿಯಲ್ಲಿ ಮನುಷ್ಯರೂ ಹೋದರು. ಭಟ್ಕಳದ ನವಾಯತ ವ್ಯಾಪಾರಿಗಳು, ಹೊನ್ನಾವರ, ಕುಮಟಾದ ಹುಡುಗರು ಅಲ್ಲಿ ಅಂಗಡಿ, ಹೋಟೆಲು, ಕಚೇರಿ ಸೇರಿದರು. ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರೂ ಗೋಕರ್ಣದ ಜಯಂತ ಕಾಯ್ಕಿಣಿಯವರೂ ಮುಂಬಯಿಯನ್ನು ಕನ್ನಡ ಕಥನದೊಳಗೆ ತಂದದ್ದು ಆಕಸ್ಮಿಕವಲ್ಲ.

1956ರಲ್ಲಿ, ನಮ್ಮ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ, ‘ಸಿಐಡಿ’ ಚಿತ್ರ ತೆರೆಗೆ ಬಂತು. ಮುಂಬಯಿಯನ್ನು ಪ್ರೀತಿಯಿಂದಲೇ ಬೈಯುವ ಅದರ ಹಾಡು ಇಂದಿಗೂ ಜನರ ಬಾಯಲ್ಲಿದೆ. ಬರೆದವರು ಮಜ್ರೂಹ್ ಸುಲ್ತಾನ್‌ಪುರಿ, ಹಾಡಿದವರು ರಫಿ ಮತ್ತು ಗೀತಾ ದತ್, ಸಂಗೀತ ಓ.ಪಿ. ನಯ್ಯರ್. ಮಟ್ಟು ಅಮೆರಿಕದ ‘ಕ್ಲೆಮೆಂಟೈನ್’ ಹಾಡಿನ ನೆರಳಿನಲ್ಲಿದೆ. ತೆರೆಯ ಮೇಲೆ ಜಾನಿ ವಾಕರ್, ಅಂದರೆ ಬದ್ರುದ್ದೀನ್ ಜಮಾಲುದ್ದೀನ್ ಕಾಝಿ, ಮುಂಬಯಿಯಲ್ಲೇ ಬಸ್ ಕಂಡಕ್ಟರ್ ಆಗಿ ದುಡಿದು ಬಂದವರು. ಚಿತ್ರ ತಯಾರಿಸಿದ ಗುರುದತ್ತರ ಮನೆತನದ ಹೆಸರು ಪಡುಕೋಣೆ, ಭಟ್ಕಳದಿಂದ ದಕ್ಷಿಣಕ್ಕೆ ಕುಂದಾಪುರದ ಕಡೆಯ ಊರು. ಅವರ ಸಾರಸ್ವತ ಸಮುದಾಯದ ಚಿತ್ರಾಪುರ ಮಠ ಇರುವುದು ಭಟ್ಕಳ ತಾಲೂಕಿನ ಶಿರಾಲಿಯಲ್ಲಿ. ಹೀಗೆ ನೋಡಿದರೆ ಆ ಹಾಡು ನಮಗೆ ಅಷ್ಟೇನೂ ದೂರದ್ದಲ್ಲ. ದುಡ್ಡಿನ ಪಟ್ಟಣದಲ್ಲಿ ಮನುಷ್ಯತ್ವಕ್ಕೆ ಬೆಲೆಯಿಲ್ಲ ಎಂಬ ದೂರನ್ನು ನಾಲ್ಕು ನಿಮಿಷದಲ್ಲಿ, ಕುಣಿಯುವ ಲಯದಲ್ಲಿ ಅದು ಹೇಳಿ ಮುಗಿಸುತ್ತದೆ. ಮನೆಗೆ ಬರೆಯುವ ಪತ್ರದಲ್ಲಿ ‘ಇಲ್ಲಿ ಎಲ್ಲ ಕ್ಷೇಮ’ ಎನ್ನುತ್ತಿದ್ದವನಿಗೆ ನಿಜ ಹೇಳಲು ಅಂಥ ಒಂದು ಹಾಡು ಬೇಕಿತ್ತು.

ಇವನ್ನು ಕೀಳೆಂದು ನೋಡಿದವರು ಮನೆಯ ಹಿರಿಯರು ಮಾತ್ರವಲ್ಲ, ಸರಕಾರವೂ ಹಾಗೆಯೇ ನೋಡಿತು. 1952ರಿಂದ 1962ರವರೆಗೆ ವಾರ್ತಾ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮಾಯವಾದವು. ಜನ ಸುಮ್ಮನೆ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. 1952ರ ಡಿಸೆಂಬರಿನಲ್ಲಿ ಶುರುವಾದ ಬಿನಾಕಾ ಗೀತಮಾಲಾ, ಅಮೀನ್ ಸಯಾನಿಯವರ (2024ರಲ್ಲಿ ತೀರಿಕೊಂಡರು) ದನಿಯಲ್ಲಿ, ಬುಧವಾರದ ಸಂಜೆಗಳನ್ನು ತನ್ನದಾಗಿಸಿಕೊಂಡಿತು. ಕೊನೆಗೆ 1957ರ ಅಕ್ಟೋಬರ್ 3ರಂದು ಸರಕಾರವೇ ವಿವಿಧ ಭಾರತಿ ಆರಂಭಿಸಬೇಕಾಯಿತು. ಅಭಿರುಚಿಯನ್ನು ಮೇಲಿನಿಂದ ಹೇರಲಾಗದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಯಾರನ್ನು ನೋಡಿ ನಗು?

ಹಾಗೆಂದು ತಮಾಷೆಯ ಹಾಡುಗಳೆಲ್ಲ ಒಳ್ಳೆಯವೇ ಎನ್ನಲಾಗದು. 1968ರ ‘ಪಡೋಸನ್’ ಚಿತ್ರದಲ್ಲಿ ಮನ್ನಾ ಡೇ ಮತ್ತು ಕಿಶೋರ್ ಕುಮಾರ್ ಹಾಡಿದ ಪೈಪೋಟಿಯ ಹಾಡನ್ನೇ ನೋಡಿ. ಗಾಯನದ ಚಾತುರ್ಯಕ್ಕೆ ಎರಡು ಮಾತಿಲ್ಲ. ಆದರೆ ಅಲ್ಲಿ ಮೆಹಮೂದ್ ಪಾತ್ರದ ಮೂಲಕ ನಗೆಪಾಟಲಾಗುವುದು ದಕ್ಷಿಣದವನ ಉಡುಗೆ, ಉಚ್ಚಾರಣೆ, ಸಂಗೀತ. ಅದನ್ನು ಕೇಳಿ ದಕ್ಷಿಣದವರಾದ ನಾವೂ ನಕ್ಕೆವು. ಮುಂಬಯಿಯಲ್ಲಿ ‘ಮದ್ರಾಸಿ’ ಎನಿಸಿಕೊಂಡ ಕನ್ನಡಿಗನೂ ನಕ್ಕ. ಮಜ್ರೂಹರ ಹಾಡು ಬಲವಾದ ಪಟ್ಟಣವನ್ನು ನೋಡಿ ನಗುತ್ತದೆ, ಇದು ಅಲ್ಲಿಗೆ ಹೊಸದಾಗಿ ಬಂದವನನ್ನು ನೋಡಿ ನಗುತ್ತದೆ. ಹಗುರ ಹಾಡುಗಳನ್ನು ತೂಗಲು ಇದೊಂದು ಒರೆಗಲ್ಲು.

ಕುಡುಕನ ಹಾಡುಗಳನ್ನೂ ಹೀಗೆಯೇ ನೋಡಬಹುದು. 1971ರಲ್ಲಿ ಕ್ರಿಸ್ ಪೆರಿಯವರ ಸಂಗೀತದಲ್ಲಿ ಗೋವೆಯ ಲೋರ್ನಾ ಹಾಡಿದ ಕೊಂಕಣಿಯ ‘ಬೇಬ್ದೊ’ ಕುಡುಕನನ್ನು ಹೆಣ್ಣಿನ ದನಿಯಲ್ಲಿ ಛೇಡಿಸುತ್ತದೆ. ಮಲಬಾರ್ ಮೂಲದ ಮುಂಬಯಿ ಕುಟುಂಬದ ಅಝೀಝ್ ನಾಝಾನ್ 1970ರ ದಶಕದಲ್ಲಿ ಹಾಡಿದ ಶರಾಬಿನ ಕವ್ವಾಲಿ ಅಮಲನ್ನೇ ಸಂಭ್ರಮಿಸುತ್ತದೆ. ಆದರೆ ಏರಿದ ಸೂರ್ಯ ಇಳಿಯಲೇಬೇಕು ಎಂದು ಎಚ್ಚರಿಸುವ ಕವ್ವಾಲಿಯೂ ಅದೇ ಗಾಯಕನದು. ಒಂದನ್ನು ಪಾಪವೆಂದು ಬಚ್ಚಿಟ್ಟು ಇನ್ನೊಂದನ್ನು ಉಪದೇಶವೆಂದು ಜೋರಾಗಿ ಹಾಕಿದರೆ ಆ ಗಾಯಕ ನಮಗೆ ಅರ್ಧ ಮಾತ್ರ ಸಿಗುತ್ತಾನೆ.

ಗಲ್ಫಿನ ಕ್ಯಾಸೆಟ್ಟು

1973ರ ತೈಲ ಬೆಲೆ ಏರಿಕೆಯ ನಂತರ ಭಟ್ಕಳದ ದಾರಿ ಗಲ್ಫಿನ ಕಡೆಗೆ ತಿರುಗಿತು. ಬರುವವರ ಜತೆ ಟೇಪ್ ರೆಕಾರ್ಡರುಗಳು ಬಂದವು. ಮೂರು ನಾಲ್ಕು ನಿಮಿಷಕ್ಕೆ ಮುಗಿಯುತ್ತಿದ್ದ ಪ್ಲೇಟಿನ ಜಾಗದಲ್ಲಿ ಒಂದು ಗಂಟೆಯ ಕ್ಯಾಸೆಟ್ಟು ಬಂತು. ಜೋಗದ ನೆನಪಿನ ಕೆ.ಎಸ್. ನಿಸಾರ್ ಅಹಮದರ ‘ನಿತ್ಯೋತ್ಸವ’ 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ಟಾಗಿ ಬಂತು. 1990ರಲ್ಲಿ ಎಳೆಯ ವಯಸ್ಸಿಗೇ ತೀರಿಹೋದ ಭಾಗವತ ಕಾಳಿಂಗ ನಾವಡರ ಕಂಠ, ಮಾಸ್ಟರ್ ಹಿರಣ್ಣಯ್ಯನವರ ವಿಡಂಬನೆ ಕ್ಯಾಸೆಟ್ಟುಗಳಲ್ಲಿ ಮನೆಮನೆಗೆ ಹೋದವು. ಹಾಡಿಗೆ ಮಾತ್ರವಲ್ಲ, ಮಾತಿಗೂ ಈಗ ಜಾಗವಾಯಿತು.

ಕೇರಳದಲ್ಲಿ ಎಸ್.ಎ. ಜಮೀಲ್ 1970ರ ದಶಕದ ಕೊನೆಯಲ್ಲಿ ‘ದುಬೈ ಕತ್ತು ಪಾಟ್ಟು’ ಬರೆದು ಹಾಡಿದರು. ಗಲ್ಫಿನಲ್ಲಿರುವ ಗಂಡನಿಗೆ ಹೆಂಡತಿ ಬರೆಯುವ ಪತ್ರವದು. ಹಣ ಬಂದ ಮನೆಯಲ್ಲಿ ಒಂಟಿಯಾಗಿ ಕಳೆಯುವ ಯೌವನದ ಪ್ರಶ್ನೆಯನ್ನು ಅದು ಮುಚ್ಚುಮರೆಯಿಲ್ಲದೆ ಎತ್ತಿತು. ಆಮೇಲೆ ಗಂಡನ ಉತ್ತರವೂ ಹಾಡಾಗಿ ಬಂತು. ಅಷ್ಟೇ ಹೆಸರಾದ ಹಾಡು ಕನ್ನಡದಲ್ಲಿ ಕಾಣುವುದಿಲ್ಲ. ಆದರೆ ಗಲ್ಫಿಗೆ ಹೋದವರ ಮನೆಗಳಲ್ಲಿ ಇನ್ನೊಂದು ಬಗೆಯ ಕ್ಯಾಸೆಟ್ಟು ತಯಾರಾಗುತ್ತಿತ್ತು. ಊರಿಗೆ ಹೋಗುವವರ ಕೈಯಲ್ಲಿ ಅಲ್ಲಿಂದ, ಮರಳುವವರ ಕೈಯಲ್ಲಿ ಇಲ್ಲಿಂದ ಕಳಿಸಿದ ದನಿಯ ಪತ್ರಗಳವು. ಬರೆಯಲು ಬಾರದ ತಾಯಿಯೂ ಮಾತಾಡಬಹುದಿತ್ತು. ಮಗು ಕಲಿತ ಹೊಸ ಹಾಡು, ಅಜ್ಜಿಯ ಬೈಗುಳ, ಹಿನ್ನೆಲೆಯಲ್ಲಿ ಕೋಳಿಯ ಕೂಗು, ಅಝಾನ್ ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತಿದ್ದವು. ನವಾಯತಿಯೋ ಕೊಂಕಣಿಯೋ ಕನ್ನಡವೋ, ಮನೆಯ ಭಾಷೆ ಇದ್ದ ಹಾಗೆಯೇ ದಾಖಲಾಗುತ್ತಿತ್ತು.

ಉಳಿಸಬೇಕಾದದ್ದು

ಸಂಗೀತ ಸಲ್ಲುತ್ತದೆಯೇ ಎಂಬ ಚರ್ಚೆ ನಮ್ಮಲ್ಲಿ ಹಳೆಯದು. ಇಮಾಮ್ ಗಝಾಲಿಯವರು ‘ಇಹ್ಯಾ’ದಲ್ಲಿ ಅದಕ್ಕೇ ಒಂದು ಭಾಗ ಮೀಸಲಿಟ್ಟಿದ್ದಾರೆ. ತಾಯಿಯ ದನಿಯನ್ನು ಉಳಿಸಿಕೊಳ್ಳುವುದು ಆ ಚರ್ಚೆಗೆ ಸಿಕ್ಕುವ ವಿಷಯವೇ ಅಲ್ಲ.

ಹಳೆಯ ಹಾಡಿನ ನೆನಪಿನಲ್ಲಿ ಒಂದು ಅಪಾಯವೂ ಇದೆ. ಆಗ ಎಲ್ಲರೂ ಒಂದೇ ಹಾಡು ಕೇಳುತ್ತಿದ್ದೆವು, ಅದಕ್ಕೇ ಒಂದಾಗಿದ್ದೆವು ಎಂದು ಹೇಳಿಕೊಳ್ಳುವುದು ಸುಲಭ. ಆದರೆ ಒಂದೇ ಹಾಡಿಗೆ ತಲೆದೂಗಿದ ಭಟ್ಕಳದಲ್ಲೇ 1993ರ ಗಲಭೆಯೂ ನಡೆಯಿತು. ಜತೆಗೆ ಕೇಳಿದ ಮಾತ್ರಕ್ಕೆ ಜತೆಗೆ ಬಾಳುವುದು ಬರುವುದಿಲ್ಲ. ಅದಕ್ಕೆ ಪಕ್ಕದ ಮನೆಯ ಬದುಕು ತಿಳಿದಿರಬೇಕು. ಭಟ್ಕಳದ ಹೆಸರು ಪತ್ರಿಕೆಗಳಲ್ಲಿ ಬರುವ ರೀತಿಯಿಂದ ಅದು ತಿಳಿಯದು. ಗಲ್ಫಿನ ಮಗನಿಗೆ ಊರಿನ ತಾಯಿ ಏನು ಹೇಳಿದಳು, ಮುಂಬಯಿಗೆ ಹೋದ ಅಣ್ಣನಿಗೆ ಹೊನ್ನಾವರದ ತಂಗಿ ಏನು ಹೇಳಿದಳು ಎಂದು ಕೇಳಿದರೆ ತಿಳಿಯುತ್ತದೆ. ಎರಡು ಮನೆಗಳ ದೂರು ಹೆಚ್ಚುಕಡಿಮೆ ಒಂದೇ.

ಕುಮಟಾದ ಡಾ. ಎಲ್.ಆರ್. ಹೆಗಡೆಯವರು ಉತ್ತರ ಕನ್ನಡದ ಜನಪದ ಹಾಡು, ಕಥೆಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು. ಅವರು ಕಿವಿಗೊಡದಿದ್ದರೆ ಎಷ್ಟೋ ಹಾಡುಗಳು ಹಾಡಿದವರ ಜತೆಗೇ ಹೋಗುತ್ತಿದ್ದವು. ಕ್ಯಾಸೆಟ್ಟುಗಳಿಗೂ ಈಗ ಅದೇ ಕಾಲ ಬಂದಿದೆ. ಕರಾವಳಿಯ ತೇವಕ್ಕೆ ಟೇಪಿಗೆ ಬೂಸಲು ಹಿಡಿಯುತ್ತದೆ, ಅದನ್ನು ನುಡಿಸುವ ಯಂತ್ರವೂ ಸಿಗುವುದು ಕಷ್ಟ. ಚಿತ್ರಗೀತೆಗಳ ಬಗ್ಗೆ ಚಿಂತೆ ಬೇಡ, ಅವು ಎಲ್ಲಿಯಾದರೂ ಸಿಗುತ್ತವೆ. ಮನೆಯ ದನಿಯ ಪ್ರತಿ ಒಂದೇ ಒಂದು. ಅಟ್ಟದ ಮೇಲಿನ ಡಬ್ಬಿಯನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ. ಮನೆಯವರ ಒಪ್ಪಿಗೆ ಪಡೆದು, ಕಾಲೇಜು ಹುಡುಗರ ನೆರವಿನಿಂದ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ದನಿ ಯಾರದು, ಯಾವ ವರ್ಷದ್ದು ಎಂದು ಬಲ್ಲವರು ಇರುವಾಗಲೇ ಕೇಳಿ ಬರೆದಿಡಿ.