ಮೃಗಯಾಗ್ರಂಥಗಳಲ್ಲಿ ಗುಂಡಿನ ವಿಚಾರ

ಆಫ್ರಿಕಾಖಂಡದ ಬೇಟೆಯನ್ನು ಕುರಿತು ಇಂಗ್ಲಿಷ್ ಭಾಷೆಯಲ್ಲಿ ಹುಟ್ಟಿರುವ ಗ್ರಂಥರಾಶಿ ಬಹು ದೊಡ್ಡದು. ಅದರಲ್ಲಿ ನಮ್ಮ ವಾಚಕರು ಸಾಮಾನ್ಯವಾಗಿ ಓದದೆ ಹಾಳೆ ತಿರುವಿಬಿಡುವ ಒಂದು ಭಾಗವುಂಟು. ಯಾವ ಕೋವಿಯನ್ನು ಕೊಂಡೊಯ್ಯತಕ್ಕದ್ದು, ಅದರ ನಳಿಗೆಯ ಒಳವ್ಯಾಸವೆಷ್ಟು, ಗುಂಡಿನ ತೂಕವೆಷ್ಟು, ಗುಂಡಿನ ಮೂತಿ ಮೆತ್ತನೆಯ ಸೀಸದ್ದಾಗಿರಬೇಕೋ ಗಟ್ಟಿಲೋಹದ ಕವಚವುಳ್ಳದ್ದಾಗಿರಬೇಕೋ ಎಂಬ ಚರ್ಚೆಯೇ ಆ ಭಾಗ. ಬಯಲಿನ ಸೂರ್ಯೋದಯ, ಸಿಂಹದ ಗರ್ಜನೆ, ಬಿಡಾರದ ಬೆಂಕಿಯ ಸುತ್ತಲಿನ ಮಾತು, ಇವುಗಳ ನಡುವೆ ಆ ಅಂಕಿಗಳು ಕಾವ್ಯದ ಪುಟಗಳಲ್ಲಿ ಸಿಕ್ಕಿಕೊಂಡ ದಿನಸಿ ಅಂಗಡಿಯ ಚೀಟಿಯಂತೆ ತೋರುತ್ತವೆ. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆನು. ಈಗ ಆ ಅಭಿಪ್ರಾಯವನ್ನು ಬಿಟ್ಟಿದ್ದೇನೆ. ಬೇಟೆಯನ್ನು ಬರೆದವನ ಸತ್ಯಸಂಧತೆಗೆ ಈ ಭಾಗವೇ ಒರೆಗಲ್ಲು ಎಂಬುದನ್ನು ನಾಲ್ವರು ಗ್ರಂಥಕರ್ತರ ನಿದರ್ಶನದಿಂದ ಇಲ್ಲಿ ತೋರಿಸಲು ಯತ್ನಿಸುತ್ತೇನೆ.

ಬೇಟೆಯೇ ಹಿಂಸೆಯಾಗಿರುವಲ್ಲಿ ಒಳ್ಳೆಯ ಗುಂಡು, ಕೆಟ್ಟ ಗುಂಡು ಎಂಬ ಭೇದವೇಕೆ ಎಂದು ಕೆಲವರು ಕೇಳಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ವಿನೋದದ ಬೇಟೆ ಅಪರಾಧವಾಗಿದೆ. ಕೆನ್ಯಾ ದೇಶವೂ 1977ರಲ್ಲಿ ಅದನ್ನು ನಿಷೇಧಿಸಿತು. ದಕ್ಷಿಣ ಆಫ್ರಿಕಾ, ನಮೀಬಿಯಾ ಮುಂತಾದ ಕಡೆಗಳಲ್ಲಿ ಮಾತ್ರ ಅದು ಕಾನೂನಿನ ಕಟ್ಟಿನೊಳಗೆ ನಡೆದುಬರುತ್ತಿದೆ. ಆದುದರಿಂದ ಕನ್ನಡಿಗನಿಗೆ ಬೇಟೆಯೆಂಬುದು ಈಗ ಗ್ರಂಥಸ್ಥವಾದ ವಿಷಯ. ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ಕಥೆಗಳನ್ನು ‘ಕಾಡಿನ ಕತೆಗಳು’ ಎಂಬ ಹೆಸರಿನಿಂದ ನಮ್ಮ ಭಾಷೆಗೆ ತಂದುಕೊಟ್ಟಿರುವುದರಿಂದ ಈ ಜಾತಿಯ ಸಾಹಿತ್ಯಕ್ಕೆ ನಮ್ಮಲ್ಲಿ ಓದುಗರು ಬಹುಮಂದಿ ಇದ್ದಾರೆ. ಕೊಲ್ಲುವುದು ಸರಿಯೇ ಎಂಬುದು ಒಂದು ಪ್ರಶ್ನೆ. ಕೊಂದವನು ತಾನು ಮಾಡಿದ್ದನ್ನು ಇದ್ದಂತೆ ಹೇಳಿದನೇ ಎಂಬುದು ಇನ್ನೊಂದು. ಮೊದಲನೆಯದನ್ನು ಧರ್ಮಶಾಸ್ತ್ರಜ್ಞರು ವಿಚಾರಿಸಲಿ. ಎರಡನೆಯದು ವಿಮರ್ಶಕನ ಪಾಲಿನದು.

ಮೊದಲು ಶಬ್ದವಿಚಾರ. ಆಫ್ರಿಕಾದ ಬೇಟೆಗಾರರು ‘ಬಯಲುಪ್ರಾಣಿಗಳು’ ಎಂಬ ಅರ್ಥದ ಮಾತನ್ನು ಬಳಸುತ್ತಾರೆ. ಆನೆ, ಸಿಂಹ, ಕಾಡೆಮ್ಮೆ ಮುಂತಾದ ಅಪಾಯದ ಮೃಗಗಳನ್ನು ಬಿಟ್ಟು ಹುಲ್ಲೆಯ ನಾನಾಜಾತಿಗಳು, ಪಟ್ಟೆಗುದುರೆ, ಅಲ್ಲಿಯ ಹಂದಿ ಇವೆಲ್ಲ ಅದರಲ್ಲಿ ಸೇರುತ್ತವೆ. ಇದು ಯೌಗಿಕಾರ್ಥವನ್ನು ಮೀರಿದ ರೂಢಿಶಬ್ದ. ಕುಡು ಎಂಬ ತಿರುಚುಕೊಂಬಿನ ಹುಲ್ಲೆ ಪೊದೆಗಳಲ್ಲಿಯೂ ಗುಡ್ಡದ ಮಗ್ಗುಲಲ್ಲಿಯೂ ಇರತಕ್ಕದ್ದು; ಅದೂ ಬಯಲುಪ್ರಾಣಿಯೇ! ಸುಮಾರು 40 ಕಿಲೋ ತೂಗುವ ಸ್ಪ್ರಿಂಗ್‌ಬಾಕ್ ಹುಲ್ಲೆಯೂ, 700 ಕಿಲೋ ಮೀರಿ ಬೆಳೆಯಬಲ್ಲ ಈಲೆಂಡ್ ಹೋರಿಯೂ ಒಂದೇ ಹೆಸರಿನ ಕೆಳಗೆ ನಿಂತಿವೆ. ಹೆಸರೊಂದೇ ಆದುದರಿಂದ ಗುಂಡೂ ಒಂದೇ ಸಾಕೆಂದು ಭ್ರಮಿಸುವವನು ಮೊದಲ ಹೆಜ್ಜೆಯಲ್ಲಿಯೇ ತಪ್ಪುತ್ತಾನೆ.

ಇನ್ನು ಗುಂಡಿನ ಸ್ವರೂಪ. ಅದರ ತೂಕವನ್ನು ಗ್ರೇನುಗಳಲ್ಲಿ ಹೇಳುವುದು ವಾಡಿಕೆ. 7000 ಗ್ರೇನಿಗೆ ಒಂದು ಪೌಂಡು. ಅಮೆರಿಕಾದ ಸೇನೆ 1906ರಲ್ಲಿ ಸ್ವೀಕರಿಸಿದ .30-06 ಎಂಬ ತೋಟಾದಲ್ಲಿ ಬೇಟೆಗೆ ಹೆಚ್ಚಾಗಿ ಬಳಸುವ ಗುಂಡು 180 ಗ್ರೇನಿನದು. ಅದು ಸರಿಯಾಗಿ ನಮ್ಮ ಹಿಂದಿನ ಒಂದು ತೊಲ, ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿಯ ತೂಕ. ಇಷ್ಟು ಚಿಕ್ಕ ವಸ್ತು ಸೆಕೆಂಡಿಗೆ ಸುಮಾರು 2700 ಅಡಿ ವೇಗದಿಂದ ಹೋಗಿ ಎರಡಾಳು ತೂಕದ ಪ್ರಾಣಿಯನ್ನು ಕೆಡಹುತ್ತದೆ. ಹೃದಯಶ್ವಾಸಕೋಶಗಳನ್ನು ಹರಿದರೆ ಪ್ರಾಣವು ಬೇಗನೆ ಹೋಗುತ್ತದೆ. ಹೊಟ್ಟೆಯನ್ನು ಹೊಕ್ಕರೆ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಆಫ್ರಿಕಾದ ಹುಲ್ಲೆಗಳಲ್ಲಿ ಈ ಮರ್ಮಸ್ಥಾನ ಮುಂಗಾಲುಗಳ ನಡುವೆ, ಕೆಳಕ್ಕೂ ಮುಂದಕ್ಕೂ ಇರುವುದರಿಂದ, ಭುಜದ ಹಿಂದಕ್ಕೆ ಗುರಿಯಿಡುವ ಅಭ್ಯಾಸವುಳ್ಳವನು ಹೊಟ್ಟೆಗೆ ಹೊಡೆಯುವ ಸಂಭವವೇ ಹೆಚ್ಚು. ಗುಂಡಿನ ಮೂತಿ ಅತಿಮೃದುವಾಗಿ ವೇಗ ಅತಿಯಾದರೆ ಅದು ಭುಜದ ಮೂಳೆಯ ಮೇಲೆಯೇ ಒಡೆದು ಚೂರಾಗುತ್ತದೆ. ಅತಿಕಠಿಣವಾದರೆ ಸೂಜಿ ಹಾಯ್ದಂತೆ ಆಚೆಗೆ ಹಾಯ್ದು ಹೋಗಿ, ಹಿಂದೆ ನಿಂತ ಇನ್ನೊಂದು ಪ್ರಾಣಿಗೂ ಗಾಯಮಾಡಬಹುದು. ಅಣಬೆಯಂತೆ ಅರಳಿಯೂ ಒಡೆಯದೆ ಆಳಕ್ಕೆ ಇಳಿಯಬೇಕಾದುದು ಗುಂಡಿನ ಗುಣ.

ಈಗ ಗ್ರಂಥಗಳಿಗೆ ಬರೋಣ. ಅಮೆರಿಕಾದ ಅಧ್ಯಕ್ಷಪದವಿಯಿಂದ ಇಳಿದೊಡನೆ, 1909ರಲ್ಲಿ, ಥಿಯೋಡೋರ್ ರೂಸ್‌ವೆಲ್ಟನು ಮಗನೊಡನೆ ಪೂರ್ವ ಆಫ್ರಿಕಾಕ್ಕೆ ಹೋದನು. ಮರುವರ್ಷ ‘ಆಫ್ರಿಕನ್ ಗೇಮ್ ಟ್ರೇಲ್ಸ್’ ಎಂಬ ಗ್ರಂಥ ಪ್ರಕಟವಾಯಿತು. ಅವನು ಒಯ್ದ ಮುಖ್ಯವಾದ ಕೋವಿಗಳು ಮೂರು: .30ರ ಸ್ಪ್ರಿಂಗ್‌ಫೀಲ್ಡ್, .405ರ ವಿಂಚೆಸ್ಟರ್, ದೊಡ್ಡ ಮೃಗಗಳಿಗಾಗಿ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯ ಜೋಡುನಳಿಗೆ. ನಮ್ಮ ಆಂಡರ್ಸನ್ನನ ಕೈಯಲ್ಲಿದ್ದುದೂ .405 ವಿಂಚೆಸ್ಟರೇ ಎಂಬುದನ್ನು ವಾಚಕರು ನೆನೆಯಬಹುದು. ತಪ್ಪಿದ ಹೊಡೆತಗಳನ್ನು ರೂಸ್‌ವೆಲ್ಟನು ಮುಚ್ಚಿಡುವುದಿಲ್ಲ. ತನ್ನ ದೃಷ್ಟಿಮಾಂದ್ಯವನ್ನೂ ಒಪ್ಪಿಕೊಳ್ಳುತ್ತಾನೆ. ತಾನು 296, ಮಗನು 216, ಒಟ್ಟು 512 ಪ್ರಾಣಿಗಳೆಂದು ಜಾತಿವಾರು ಪಟ್ಟಿಯನ್ನೇ ಕೊಡುತ್ತಾನೆ. ಬಹುಭಾಗ ವಸ್ತುಸಂಗ್ರಹಾಲಯಕ್ಕೂ ಬಿಡಾರದ ಊಟಕ್ಕೂ ಹೋದುವೆಂದು ಸಮಾಧಾನ ಹೇಳುತ್ತಾನೆ. ಇದು ಪ್ರಾಮಾಣಿಕತೆಯೇ ಸರಿ. ಆದರೆ ಆ ಪಟ್ಟಿಯಲ್ಲಿ ಬಿದ್ದ ಪ್ರಾಣಿಗೆ ಮಾತ್ರ ಸ್ಥಾನವಿದೆ. ಗುಂಡು ತಿಂದು ಹುಲ್ಲಿನಲ್ಲಿ ಮರೆಯಾದುದಕ್ಕೆ ಅಲ್ಲಿ ಕಲಮಿಲ್ಲ. ಲೆಕ್ಕ ಸರಿಯಾಗಿದ್ದೂ ವೃತ್ತಾಂತ ಅಪೂರ್ಣವಾಗಬಹುದು ಎಂಬುದಕ್ಕೆ ಇದು ನಿದರ್ಶನ.

ಎರಡನೆಯವನು ಸ್ಕಾಟ್ಲೆಂಡಿನ ಡಬ್ಲ್ಯು. ಡಿ. ಎಂ. ಬೆಲ್. ಇವನ ‘ದಿ ವಾಂಡರಿಂಗ್ಸ್ ಆಫ್ ಆನ್ ಎಲಿಫೆಂಟ್ ಹಂಟರ್’ 1923ರಲ್ಲಿ ಹೊರಟಿತು. ಸಾವಿರಕ್ಕೂ ಮೀರಿ ಆನೆಗಳನ್ನು ದಂತಕ್ಕಾಗಿ ಕೊಂದವನೀತ. ಆ ಸಂಖ್ಯೆಯನ್ನು ಓದಿದಾಗ ಎದೆ ನಡುಗುತ್ತದೆ. ಆದರೂ ಅವನ ಬರೆವಣಿಗೆಯಲ್ಲಿ ಆಡಂಬರವಿಲ್ಲ. ಬಹುಪಾಲನ್ನು ಅವನು .275 ಎಂದು ಇಂಗ್ಲೆಂಡಿನಲ್ಲಿ ಹೆಸರಾದ ಏಳು ಮಿಲಿಮೀಟರಿನ ಸಣ್ಣ ಕೋವಿಯಿಂದ, 173 ಗ್ರೇನಿನ ಗಟ್ಟಿಗುಂಡಿನಿಂದ ಸಾಧಿಸಿದನು. ಆನೆಯ ತಲೆಬುರುಡೆಯನ್ನು ಅಭ್ಯಾಸಮಾಡಿ, ಮೆದುಳು ಯಾವ ಕೋನದಿಂದ ನೋಡಿದರೆ ಎಲ್ಲಿರುತ್ತದೆಂದು ತಿಳಿದು, ಅಲ್ಲಿಗೇ ಗುಂಡನ್ನು ಕಳುಹಿಸಿದನು. ಅವನ ಗೆಲುವು ಶರೀರಜ್ಞಾನದ್ದೇ ಹೊರತು ಕೋವಿಯದಲ್ಲ. ಇಷ್ಟನ್ನು ಅವನೇ ಸ್ಪಷ್ಟವಾಗಿ ಬರೆದಿದ್ದರೂ, ತರುವಾಯ ಬಂದವರು ‘ಬೆಲ್ಲನಿಗೆ ಸಣ್ಣ ಕೋವಿ ಸಾಕಾಯಿತು’ ಎಂಬ ಅರ್ಧವಾಕ್ಯವನ್ನು ಮಾತ್ರ ಕಂಠಪಾಠ ಮಾಡಿದರು. ಆನೆಯ ಬುರುಡೆಯನ್ನು ಭೇದಿಸಬೇಕಾದ ಗಟ್ಟಿಗುಂಡು ಹುಲ್ಲೆಯ ಪಕ್ಕೆಯಲ್ಲಿ ಅರಳದೆ ಹಾಯ್ದು ಹೋಗುತ್ತದೆ. ಪ್ರಾಣಿ ಮೈಲಿಗಟ್ಟಲೆ ಓಡಿ ಎಲ್ಲಿಯೋ ಸಾಯುತ್ತದೆ. ಅದೇ ಏಳು ಮಿಲಿಮೀಟರಿನ ಕೋವಿಯಲ್ಲಿ ಅರಳುವ ಗುಂಡನ್ನಿಟ್ಟರೆ ಅದೇ ಹುಲ್ಲೆ ಅಲ್ಲಿಯೇ ಬೀಳುತ್ತದೆ. ಕೋವಿಯೊಂದೇ, ಗುಂಡು ಬೇರೆ, ಫಲವೂ ಬೇರೆ. ಸೂತ್ರವನ್ನು ಪ್ರಕರಣದಿಂದ ಕಿತ್ತು ಓದಿದರೆ ಅರ್ಥ ವಿಪರೀತವಾಗುತ್ತದೆಂದು ನಮ್ಮ ಪಾಠಶಾಲೆಗಳಲ್ಲಿ ಹೇಳುತ್ತಿದ್ದುದು ಬೆಲ್ಲನ ವಿಷಯದಲ್ಲಿಯೂ ಸತ್ಯ.

ಮೂರನೆಯದು ಜಾನ್ ಟೇಲರನ ‘ಆಫ್ರಿಕನ್ ರೈಫಲ್ಸ್ ಅಂಡ್ ಕಾರ್ಟ್ರಿಜಸ್’, 1948ರ ಗ್ರಂಥ. ಇದು ಕಥೆಯಲ್ಲ, ಶಾಸ್ತ್ರ. ಗುಂಡಿನ ತೂಕ, ವೇಗ, ವ್ಯಾಸ ಮೂರನ್ನೂ ಗುಣಿಸಿ 7000ದಿಂದ ಭಾಗಿಸಿದರೆ ಅದರ ಕೆಡಹುವ ಬಲ ದೊರೆಯುವುದೆಂದು ಇವನು ಒಂದು ಸೂತ್ರವನ್ನು ಕಟ್ಟಿದನು. 180 ಗ್ರೇನಿನ .30-06 ಗುಂಡಿಗೆ ಈ ಲೆಕ್ಕದಲ್ಲಿ 21 ಬರುತ್ತದೆ, 1912ರಿಂದ ಬಳಕೆಯಲ್ಲಿರುವ.375 ಹಾಲೆಂಡ್ ತೋಟಾದ 300 ಗ್ರೇನಿನ ಗುಂಡಿಗೆ 40; .470 ಎಂಬ ಆನೆಕೋವಿಗೆ 72ರ ಆಸುಪಾಸು. ಮೇಷ್ಟರ ಕೈ ಸುಮ್ಮನಿರದು. ನಾನು ಇದೇ ಸೂತ್ರವನ್ನು ಕ್ರಿಕೆಟ್ ಚೆಂಡಿಗೆ ಅನ್ವಯಿಸಿ ನೋಡಿದೆನು. 160 ಗ್ರಾಂ ತೂಕದ, 2.8 ಅಂಗುಲ ವ್ಯಾಸದ ಚೆಂಡನ್ನು ಸೆಕೆಂಡಿಗೆ 100 ಅಡಿ ವೇಗದಲ್ಲಿ ಎಸೆದರೆ ಸುಮಾರು 99 ಬರುತ್ತದೆ. ಅಂದರೆ ನಮ್ಮೂರ ಮೈದಾನದ ಹುಡುಗರ ಕೈಯಲ್ಲಿ ಆನೆಕೋವಿಗಿಂತ ಬಲವಾದ ಆಯುಧವಿದೆಯೆಂದಾಯಿತು! ಟೇಲರನಿಗೆ ಅನ್ಯಾಯವಾಗಬಾರದು. ಭಾರಿ ಮೃಗಗಳಿಗೆ ಹೊಡೆಯುವ ಗಟ್ಟಿಗುಂಡುಗಳನ್ನು ಪರಸ್ಪರ ಹೋಲಿಸುವುದಕ್ಕಾಗಿಯೇ ಅವನು ಅದನ್ನು ಹೇಳಿದ್ದು. ಅದನ್ನು ಹುಲ್ಲೆ, ಪಟ್ಟೆಗುದುರೆಗಳಿಗೂ ಎಳೆದವರು ಅನುಯಾಯಿಗಳು. ಸಂಖ್ಯೆ ಒಂದು ಸಲ ಅಚ್ಚಾದ ಮೇಲೆ ಅದರ ಸುತ್ತಲಿನ ನಿಬಂಧನೆಗಳನ್ನು ಯಾರೂ ಓದುವುದಿಲ್ಲ. ಬೇಟೆಯಲ್ಲಿ ಈ ಪ್ರಮಾದದ ಬೆಲೆಯನ್ನು ಓದುಗನು ತೆರುವುದಿಲ್ಲ, ಪ್ರಾಣಿ ತೆರುತ್ತದೆ. ಅದೇ 1948ರಲ್ಲಿ ಅಮೆರಿಕಾದಲ್ಲಿ ಜಾನ್ ನೋಸ್ಲರ್ ಎಂಬಾತನು ಹೊಸ ಬಗೆಯ ಗುಂಡನ್ನು ಮಾರಾಟಕ್ಕೆ ತಂದನು. ಎರಡು ವರ್ಷ ಹಿಂದೆ ಒಂದು ಮೂಸ್ ಪ್ರಾಣಿಯ ಮೈಯಲ್ಲಿ ತನ್ನ ಗುಂಡುಗಳು ಆಳಕ್ಕೆ ಇಳಿಯದೆ ಹೋದುದನ್ನು ಕಂಡು, ಗುಂಡಿನ ನಡುವೆ ತಾಮ್ರಲೋಹದ ಅಡ್ಡಗೋಡೆಯನ್ನಿಟ್ಟು, ಮುಂಭಾಗ ಅರಳಿ ಹಿಂಭಾಗ ಗಟ್ಟಿಯಾಗಿ ಉಳಿಯುವಂತೆ ಮಾಡಿದನು. ಒಬ್ಬನು ಸೂತ್ರವನ್ನು ಕಟ್ಟಿದ ವರ್ಷವೇ ಇನ್ನೊಬ್ಬನು ತನ್ನ ಸೋಲನ್ನು ನೋಡಿ ಪಾಠ ಕಲಿತನು. ಬಯಲುಪ್ರಾಣಿಗಳಿಗೆ ಹೆಚ್ಚು ಉಪಕಾರ ಮಾಡಿದುದು ಎರಡನೆಯದೆಂದು ನನ್ನ ಅಭಿಪ್ರಾಯ.

ಕೊನೆಯವನು ಅರ್ನೆಸ್ಟ್ ಹೆಮಿಂಗ್ವೆ. 1935ರ ‘ಗ್ರೀನ್ ಹಿಲ್ಸ್ ಆಫ್ ಆಫ್ರಿಕಾ’ದಲ್ಲಿ ಜಂಬವೂ ಸಾಹಿತ್ಯದ ಜಗಳವೂ ಬೇಕಾದಷ್ಟಿವೆ, ಓದುಗನಿಗೆ ಅನೇಕ ಕಡೆ ಬೇಸರವಾಗುತ್ತದೆ. ಆದರೆ ಕೊನೆಯ ಭಾಗದಲ್ಲಿ ಅವನು ಸೇಬಲ್ ಎಂಬ ಕರಿಯ ಹೋರಿಹುಲ್ಲೆಯೊಂದನ್ನು ಗಾಯಗೊಳಿಸಿ, ರಕ್ತದ ಜಾಡನ್ನು ಹಿಡಿದು ಬಿಸಿಲಿನಲ್ಲಿ ಅಲೆದು, ಕಡೆಗೂ ಕಾಣದೆ ಹಿಂದಿರುಗುತ್ತಾನೆ. ರಾತ್ರಿ ಕತ್ತೆಕಿರುಬಗಳು ಅದನ್ನು ಏನು ಮಾಡುವುವೆಂಬ ಚಿಂತೆ ಅವನನ್ನು ಬಿಡುವುದಿಲ್ಲ. ತನ್ನ ತೋಳು ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದ ರಾತ್ರಿ ಗಾಯಗೊಂಡ ಮೃಗದ ನೋವು ಹೇಗಿದ್ದೀತೆಂದು ಯೋಚಿಸಿದುದನ್ನೂ ಅದೇ ಗ್ರಂಥದಲ್ಲಿ ಹೇಳುತ್ತಾನೆ. ರೂಸ್‌ವೆಲ್ಟನ ಪಟ್ಟಿಯಲ್ಲಿ ಇಲ್ಲದ ಕಲಮು ಇಲ್ಲಿ ತುಂಬಿತು. ಮರುವರ್ಷದ ‘ಫ್ರಾನ್ಸಿಸ್ ಮಕೋಂಬರ್’ ಕಥೆಯಲ್ಲಿ ಅವನು ಇನ್ನೂ ಮುಂದೆ ಹೋದನು. ಸಿಂಹವು ಬಯಲುಪ್ರಾಣಿಗಳ ಲೆಕ್ಕದಲ್ಲಿ ಸೇರುವುದಿಲ್ಲವಾದರೂ ಅಲ್ಲಿಯ ಪಾಠ ಎಲ್ಲಕ್ಕೂ ಸಲ್ಲುತ್ತದೆ. ಹೆದರಿದ ಬೇಟೆಗಾರನು ಹೊಡೆದ ಗುಂಡು ಸಿಂಹದ ಹೊಟ್ಟೆಯನ್ನು ಹೊಕ್ಕುದನ್ನು ಕವಿ ಸಿಂಹದ ಕಡೆಯಿಂದಲೇ ವರ್ಣಿಸುತ್ತಾನೆ; ಅಲ್ಲಿಯೇ ಆ ಗುಂಡು .30-06ರ 220 ಗ್ರೇನಿನ ಗಟ್ಟಿಗುಂಡೆಂದೂ ಹೇಳಿಬಿಡುತ್ತಾನೆ. ಗುಂಡಿನ ತೂಕ ಆ ವಾಕ್ಯದಲ್ಲಿ ಬೇಟೆಗಾರನ ಹೆಮ್ಮೆಯಾಗಿಲ್ಲ, ಸಿಂಹದ ಸಂಕಟದ ಪ್ರಮಾಣವಾಗಿದೆ. ಗಾಯಗೊಂಡ ಸಿಂಹವನ್ನು ಹುಲ್ಲಿನಲ್ಲಿ ಹಾಗೆಯೇ ಬಿಟ್ಟುಬಿಡಬಹುದಲ್ಲವೇ ಎಂದು ಆ ಬೇಟೆಗಾರನು ಕೇಳುತ್ತಾನೆ. ಅದು ನರಳುತ್ತಿದೆ, ಇನ್ನಾರಾದರೂ ಅದರ ಬಾಯಿಗೆ ಬಿದ್ದಾರು ಎಂದು ಜೊತೆಗಾರನು ಎರಡು ಕಾರಣಗಳನ್ನು ಕೊಡುತ್ತಾನೆ. ಮೃಗಯಾಧರ್ಮವೆಂಬುದೊಂದಿದ್ದರೆ ಅದು ಆ ಎರಡು ಕಾರಣಗಳಲ್ಲಿ ಅಡಗಿದೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ರಘುವಂಶದ ಒಂಬತ್ತನೆಯ ಸರ್ಗವನ್ನು ಅನೇಕ ವರ್ಷ ಪಾಠ ಹೇಳಿದವನು. ಗಂಡಿಗೆ ಅಡ್ಡಲಾಗಿ ನಿಂತ ಹೆಣ್ಣುಜಿಂಕೆಯನ್ನು ನೋಡಿ ದಶರಥನು ಬಾಣವನ್ನು ಹಿಂತೆಗೆದ ಪ್ರಸಂಗವನ್ನು ಬಣ್ಣಿಸುವಾಗ ನನ್ನ ಕಂಠ ಗದ್ಗದವಾಗುತ್ತಿತ್ತು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ಗುರುಗಳೇ, ಬಾಣ ತಾಗಿಯೂ ಬೀಳದ ಜಿಂಕೆಗಳು ಏನಾದವು?” ಎಂದು ಕೇಳಿದನು. ಅದು ಕಾವ್ಯದ ವಿಷಯವಲ್ಲ, ಕುಳಿತುಕೋ ಎಂದೆನು. ಅವನು ಕುಳಿತನು; ಮತ್ತೆಂದೂ ಏನನ್ನೂ ಕೇಳಲಿಲ್ಲ. ಹೆಮಿಂಗ್ವೆಯನ್ನು ಓದಿದ ಮೇಲೆ ಆ ಪ್ರಶ್ನೆ ನೆನಪಿಗೆ ಬಂದು, ಸರ್ಗವನ್ನು ಮತ್ತೆ ತೆಗೆದು ನೋಡಿದೆನು. ಉತ್ತರ ಅಲ್ಲಿಯೇ ಇದ್ದಿತು. ಕೊಡ ತುಂಬುವ ಸದ್ದನ್ನು ಆನೆಯದೆಂದು ಬಗೆದು, ಕಣ್ಣಿಗೆ ಕಾಣದುದಕ್ಕೆ ದಶರಥನು ಬಾಣ ಬಿಡುತ್ತಾನೆ. ಬಾಣ ನಾಟಿದ ಮುನಿಕುಮಾರನು ಮಾತನಾಡುತ್ತಾನೆ. ನಾಟಿದ ಬಾಣದೊಡನೆಯೇ ರಾಜನು ಅವನನ್ನು ಕುರುಡರಾದ ತಾಯಿತಂದೆಯರ ಮುಂದಕ್ಕೆ ಒಯ್ಯಬೇಕಾಗುತ್ತದೆ. ಬೀಳದ ಪ್ರಾಣಿಗಳಿಗೆಲ್ಲ ಸೇರಿಸಿ ಕಾಳಿದಾಸನು ಒಂದು ಮನುಷ್ಯಕಂಠವನ್ನು ಕೊಟ್ಟಿದ್ದನು. ನಾನು ಅದನ್ನು ಶಾಪದ ಕಥೆಯೆಂದು ಮಾತ್ರ ಓದಿಸಿದೆನು.

ಒಟ್ಟಿನಲ್ಲಿ ಹೇಳತಕ್ಕದ್ದು ಇಷ್ಟು. ಬಯಲುಪ್ರಾಣಿಗಳ ಬೇಟೆಗೆ ಏಳು ಮಿಲಿಮೀಟರಿನಿಂದ .30ರವರೆಗಿನ ಮಧ್ಯಮ ಕೋವಿ ಬಹುಮಟ್ಟಿಗೆ ಸಾಕು. ಈಲೆಂಡಿನಂಥ ದೊಡ್ಡ ದೇಹಕ್ಕೆ.375 ಉಚಿತ. ಕೋವಿಗಿಂತ ಗುಂಡಿನ ರಚನೆ ಮುಖ್ಯ. ಗುಂಡಿಗಿಂತ ಅದು ತಾಗುವ ಸ್ಥಳ ಮುಖ್ಯ. ತನ್ನ ಕೈಯಿಂದ ಆಗದ ದೂರದಲ್ಲಿ ಹೊಡೆಯದಿರುವುದು ಎಲ್ಲಕ್ಕಿಂತ ಮುಖ್ಯ. ಶಾಸ್ತ್ರದಲ್ಲಿ ಬೆಲ್ಲನೂ, ಲೆಕ್ಕದಲ್ಲಿ ರೂಸ್‌ವೆಲ್ಟನೂ, ತುಲನೆಯಲ್ಲಿ ಟೇಲರನೂ ನಂಬತಕ್ಕವರು. ಆದರೆ ಗುಂಡು ನಳಿಗೆಯನ್ನು ಬಿಟ್ಟ ಮೇಲಿನ ಕಥೆಯನ್ನು ಪೂರ್ತಿಯಾಗಿ ಹೇಳಿದವನು ಹೆಮಿಂಗ್ವೆ. ಮುಂದೆ ಯಾರಾದರೂ ಇಂಥ ಗ್ರಂಥಗಳನ್ನು ಕನ್ನಡಕ್ಕೆ ತರುವುದಾದರೆ ನನ್ನದೊಂದು ವಿಜ್ಞಾಪನೆ: ಒಣ ವಿಷಯವೆಂದು ಆ ಅಂಕಿಗಳನ್ನು ಬಿಟ್ಟುಬಿಡಬೇಡಿ. ಗುಂಡಿನ ತೂಕವನ್ನು ಬಿಟ್ಟರೆ ಗಾಯದ ಆಳವೂ ಬಿಟ್ಟುಹೋಗುತ್ತದೆ. ಆಮೇಲೆ ಹಿಂದಿನ ಬೆಂಚಿನ ಹುಡುಗನಿಗೆ ಕೊಡಲು ನಮ್ಮಲ್ಲಿ ಉತ್ತರವಿರುವುದಿಲ್ಲ.