ಗಿಟಾರಿನ ಸ್ವರಸ್ಥಾನಗಳೂ ಬೋಧನಗ್ರಂಥಗಳೂ: ಒಂದು ವಿಮರ್ಶೆ

ಗಿಟಾರ್ ವಾದನವನ್ನು ಕಲಿಸುವ ಗ್ರಂಥಗಳ ವಿಷಯದಲ್ಲಿ ಒಂದು ಅಭಿಪ್ರಾಯವು ಬಹುಮಟ್ಟಿಗೆ ಬೇರೂರಿದೆ. ಬೆರಳಿಡಬೇಕಾದ ಸ್ಥಾನವನ್ನು ಮಾತ್ರ ಸೂಚಿಸುವ ಟ್ಯಾಬ್ಲೆಚರ್ ಎಂಬ ಹಳೆಯ ಲಿಪಿಯು ಶಾಸ್ತ್ರವನ್ನರಿಯದವರ ಆಸರೆಯಾಗಿದ್ದಿತು. ಐದು ಗೆರೆಗಳ ಸ್ವರಲಿಪಿಯು ಬಂದಮೇಲೆಯೇ ವಾದಕನಿಗೆ ಸ್ವರಜ್ಞಾನವುಂಟಾಯಿತು ಎಂಬುದೇ ಆ ಅಭಿಪ್ರಾಯ. ಇದು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಮೂರು ಬೋಧನಗ್ರಂಥಗಳ ಆಧಾರದಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ವಾದ್ಯದ ಸ್ವಭಾವವನ್ನು ಗಮನಿಸಬೇಕು. ಇಂದಿನ ಗಿಟಾರಿನ ಆರು ತಂತಿಗಳನ್ನು ಮಂದ್ರದಿಂದ ತಾರಕ್ಕೆ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿಗೂಡಿಸುವರು. ಎಲ್ಲಕ್ಕಿಂತ ತೆಳುವಾದುದೇ ಒಂದನೆಯ ತಂತಿ. ವೀಣೆಯಲ್ಲಿರುವಂತೆಯೇ ಇಲ್ಲಿಯೂ ಮೆಟ್ಟಿಲಿನಿಂದ ಮೆಟ್ಟಿಲಿಗೆ ಅರ್ಧಸ್ವರದ ಅಂತರವಿದ್ದು, 12ನೆಯ ಮೆಟ್ಟಿಲಿನಲ್ಲಿ ಅದೇ ಸ್ವರವು ಮೇಲಿನ ಸ್ಥಾಯಿಯಲ್ಲಿ ಮರಳುತ್ತದೆ. ಆದರೆ ಒಂದೇ ಸ್ವರಕ್ಕೆ ಹಲವು ಮನೆಗಳುಂಟು. ಒಂದನೆಯ ತಂತಿಯನ್ನು ಬೆರಳಿಡದೆ ಮೀಟಿದಾಗ ಕೇಳುವ ಇ ಸ್ವರವೇ ಎರಡನೆಯ ತಂತಿಯ 5ನೆಯ, ಮೂರನೆಯದರ 9ನೆಯ, ನಾಲ್ಕನೆಯದರ 14ನೆಯ ಮೆಟ್ಟಿಲುಗಳಲ್ಲಿಯೂ ದೊರೆಯುತ್ತದೆ. ಸ್ವರಲಿಪಿಯಲ್ಲಿ ಈ ನಾಲ್ಕಕ್ಕೂ ಒಂದೇ ಚಿಹ್ನೆ. ಸ್ವರಲಿಪಿಯು ಸ್ವರವನ್ನು ಹೇಳಿ ಸ್ಥಾನವನ್ನು ಬಿಡುತ್ತದೆ. ಟ್ಯಾಬ್ಲೆಚರ್ ಸ್ಥಾನವನ್ನು ಹೇಳಿ ಸ್ವರವನ್ನು ಬಿಡುತ್ತದೆ. ಹೊಸದಾಗಿ ಕಲಿಯುವವನ ಕಷ್ಟವೆಲ್ಲವೂ ಈ ಎರಡರ ನಡುವೆ ಇದೆ.

ಇಟಲಿಯ ಗಿರೋಲಮೊ ಮೊಂಟೆಸಾರ್ಡೊ 1606ರಲ್ಲಿ ಫ್ಲಾರೆನ್ಸಿನಲ್ಲಿ ಪ್ರಕಟಿಸಿದ ಗ್ರಂಥವು, ಅಂದಿನ ಐದು ಸಾಲು ತಂತಿಗಳ ಗಿಟಾರಿಗೆ, ‘ಆಲ್ಫಬೆಟೊ’ ಎಂಬ ಪದ್ಧತಿಯನ್ನು ಬೋಧಿಸಿತು. ಇದರಲ್ಲಿ ಒಂದೊಂದು ಅಕ್ಷರವೂ ಒಂದೊಂದು ಸ್ವರಗುಚ್ಛಕ್ಕೆ ಬೆರಳಿಡುವ ಬಗೆಯನ್ನು ಸೂಚಿಸುತ್ತದೆ. ಎ ಎಂಬುದು ಜಿ ಮೇಜರನ್ನೂ ಬಿ ಎಂಬುದು ಸಿ ಮೇಜರನ್ನೂ ಸೂಚಿಸುವುದರಿಂದ, ಅಕ್ಷರಕ್ಕೂ ಸ್ವರನಾಮಕ್ಕೂ ಸಂಬಂಧವಿಲ್ಲವೆಂಬುದು ಸ್ಪಷ್ಟ. ಹಾಡಿಗೆ ಜೊತೆಗೂಡಲು ಇಷ್ಟು ಸಾಕು, ಸ್ವರಜ್ಞಾನಕ್ಕೆ ಸಾಲದು. ಇಲ್ಲಿಯವರೆಗೆ ಮೇಲಣ ಅಭಿಪ್ರಾಯವು ಸರಿಯೆಂದೇ ಒಪ್ಪಬೇಕು.

ಆದರೆ ಗಾಸ್ಪರ್ ಸಾನ್ಸ್ 1674ರಲ್ಲಿ ಸ್ಪೇನಿನ ಸಾರಗೋಸಾದಲ್ಲಿ ಪ್ರಕಟಿಸಿದ ಗ್ರಂಥವು ಅದಕ್ಕೆ ಒಳಪಡುವುದಿಲ್ಲ. ಆತನು ಬಳಸಿದುದು ಹಳೆಯ ಅಕ್ಷರಗಳನ್ನೂ ಟ್ಯಾಬ್ಲೆಚರನ್ನೂ. ಆದರೂ ‘ಲಬರಿಂತೊ’, ಅಂದರೆ ಚಕ್ರವ್ಯೂಹ, ಎಂಬ ಕೋಷ್ಟಕದಲ್ಲಿ ಸ್ವರಗುಚ್ಛಗಳನ್ನು ಬೇರೆ ಬೇರೆ ಮೆಟ್ಟಿಲುಗಳಲ್ಲಿ ಹಿಡಿಯುವ ಕ್ರಮವನ್ನು ತೋರಿಸಿ, ಮಂದ್ರಸ್ವರವನ್ನನುಸರಿಸಿ ಸಹವಾದನ ಮಾಡುವ ನಿಯಮಗಳನ್ನೂ ಕೊಟ್ಟನು. ಹಳೆಯ ಲಿಪಿಯೊಳಗೇ ಸ್ವರಸಂಬಂಧದ ಬೋಧನೆಯು ಸಾಧ್ಯವಾಗಿದ್ದಿತೆಂಬುದಕ್ಕೆ ಇದು ಸಾಕ್ಷಿ.

ಫರ್ನಾಂಡೊ ಸೋರ್ 1830ರಲ್ಲಿ ಪ್ಯಾರಿಸಿನಲ್ಲಿ ತನ್ನ ಗ್ರಂಥವನ್ನು ಹೊರತರುವ ವೇಳೆಗೆ ಆರು ಒಂಟಿ ತಂತಿಗಳೂ ಹೊಸ ಸ್ವರಲಿಪಿಯೂ ನೆಲೆಗೊಂಡಿದ್ದವು. ಲಿಪಿಯಿಂದಲೇ ಸ್ವರಜ್ಞಾನವು ಬರುವುದಾಗಿದ್ದರೆ ಆತನು ಅದರಲ್ಲಿಯೇ ತೃಪ್ತನಾಗಬಹುದಾಗಿದ್ದಿತು. ಆದರೆ ಆತನು ಮೂರನೆಯ ಮತ್ತು ಆರನೆಯ ಸ್ವರಾಂತರಗಳನ್ನು ಎರಡೆರಡು ತಂತಿಗಳಲ್ಲಿ ಹಿಡಿಯುವುದನ್ನು ಬೆರಳುಗಳ ವಿನ್ಯಾಸಕ್ಕೆ ತಳಹದಿಯಾಗಿ ಮಾಡಿದನು. ಸ್ವರಗಳ ಪರಸ್ಪರ ದೂರವನ್ನು ಬಲ್ಲ ಕೈ ಸ್ಥಾನವನ್ನು ತಾನೇ ಹುಡುಕಿಕೊಳ್ಳುತ್ತದೆ. ಈ ಗ್ರಂಥಕ್ಕೂ ಕೊರತೆಯುಂಟು. ಸಂಗೀತಶಾಸ್ತ್ರದ ಪರಿಚಯವಿಲ್ಲದವನಿಗೆ ಅದು ಸುಲಭವಲ್ಲ.

ಇಂದಿನ ಪ್ರಾರಂಭದ ಪುಸ್ತಕಗಳಲ್ಲಿ 12 ಮೆಟ್ಟಿಲುಗಳ 72 ಮನೆಗಳಿಗೂ ಹೆಸರು ಬರೆದ ಪಟವು ಸಾಮಾನ್ಯವಾಗಿದೆ. ಅದು ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ಆದರೆ ಅದನ್ನು ಕಂಠಪಾಠ ಮಾಡಿದವನು ರಾಜರ ವಂಶಾವಳಿಯನ್ನು ಬಾಯಿಪಾಠ ಮಾಡಿದ ಚರಿತ್ರೆಯ ವಿದ್ಯಾರ್ಥಿಯಂತೆ. ಹೆಸರುಗಳು ಬರುತ್ತವೆ, ಸಂಬಂಧ ಬರುವುದಿಲ್ಲ. ಎರಡು ನಿಯಮಗಳು ಸಾಕು. ಬಿ ಮತ್ತು ಸಿ, ಇ ಮತ್ತು ಎಫ್ ಇವುಗಳ ನಡುವೆ ಒಂದೇ ಮೆಟ್ಟಿಲಿನ ದೂರ, ಉಳಿದ ನೆರೆಸ್ವರಗಳ ನಡುವೆ ಎರಡರ ದೂರ. 5ನೆಯ ಮೆಟ್ಟಿಲಿನ ಸ್ವರವೇ ಮುಂದಿನ ತೆಳುತಂತಿಯನ್ನು ಬೆರಳಿಡದೆ ಮೀಟಿದ ಸ್ವರ. ಮೂರನೆಯ ತಂತಿಯಲ್ಲಿ ಮಾತ್ರ 4ನೆಯದು. ಆರನೆಯ ತಂತಿಯ ಇ ಸ್ವರದಿಂದ ಹೊರಟವನು ಇವುಗಳಿಂದ ಎಲ್ಲ ಮನೆಗಳನ್ನೂ ತಾನೇ ಕಂಡುಕೊಳ್ಳಬಲ್ಲನು.

ಆದುದರಿಂದ ಸ್ವರಜ್ಞಾನವು ಬೋಧನಕ್ರಮದಿಂದ ಬಂದುದೇ ಹೊರತು ಲಿಪಿಯಿಂದಲ್ಲವೆಂಬುದು ನಮ್ಮ ನಿಲುವು. ಹಳೆಯ ಗ್ರಂಥಗಳನ್ನು ಅವುಗಳ ಲಿಪಿಯಿಂದ ಅಳೆಯದೆ, ಕಲಿಯುವವನನ್ನು ಅವು ಎಷ್ಟರಮಟ್ಟಿಗೆ ಸ್ವತಂತ್ರನನ್ನಾಗಿ ಮಾಡಿದುವೆಂಬುದರಿಂದ ಅಳೆಯುವುದೇ ನ್ಯಾಯ.